ಟ್ಯಾಬ್ಲೆಟ್ ಗಣಕ: ಯಾರಿಗಾಗಿ, ಯಾವ ಕೆಲಸಕ್ಕಾಗಿ, ಎಷ್ಟು ವರ್ಷಕ್ಕಾಗಿ?

ಕಾಲೇಜಿಗೆ ಹೋಗುವ ಮಗಳಿಗೋ, ಪತ್ರಿಕೆಯ ಸಣ್ಣ ಅಕ್ಷರ ಓದಲಾಗದ ಅಜ್ಜನಿಗೋ, ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ತಮ್ಮನಿಗೋ ಒಂದು ಟ್ಯಾಬ್ಲೆಟ್ ಗಣಕ ಕೊಡಿಸಬೇಕೆಂದು ಮಾರುಕಟ್ಟೆಗೆ ಹೋದವರಿಗೆ ಮೊದಲು ಎದುರಾಗುವುದು ಅಂಕಿಗಳ ಸಂತೆ. ಇಷ್ಟು ಇಂಚು, ಇಷ್ಟು ಜಿಬಿ, ಇಷ್ಟು ಮೆಗಾಪಿಕ್ಸೆಲ್, ಇಷ್ಟು ಎಂಎಎಚ್ ಎಂದು ಮಾರಾಟಗಾರರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕೊಳ್ಳುವವರು ಕೊನೆಗೆ ನೋಡುವುದು ಬೆಲೆಯ ಚೀಟಿಯನ್ನು ಮಾತ್ರ. ಮನೆಗೆ ತಂದ ಯಂತ್ರ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಕುಂಟತೊಡಗುತ್ತದೆ, ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಪಾಠದ ವಿಡಿಯೊ ನಡುನಡುವೆ ನಿಲ್ಲುತ್ತದೆ. ಕಡೆಗೆ ಕಪಾಟು ಸೇರುತ್ತದೆ.

ತಿಂಗಳ ಸಂಬಳದಲ್ಲಿ ಉಳಿಸಿಯೋ ಕಂತಿನಲ್ಲಿ ಸಾಲ ಮಾಡಿಯೋ ಕೊಳ್ಳುವ ಕುಟುಂಬಕ್ಕೆ ಹತ್ತು ಹದಿನೈದು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಯಂತ್ರ ಕೈಕೊಟ್ಟರೆ ಹಣದ ಜೊತೆಗೆ ಒಂದು ಶೈಕ್ಷಣಿಕ ವರ್ಷದ ಅನುಕೂಲವೂ ಕೈತಪ್ಪುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಒಳ್ಳೆಯದು: ಇದು ಯಾರಿಗಾಗಿ? ಯಾವ ಕೆಲಸಕ್ಕಾಗಿ? ಎಷ್ಟು ವರ್ಷ ಬಾಳಬೇಕು? ಮೊದಲ ಎರಡನ್ನು ಅನೇಕರು ಕೇಳಿಕೊಳ್ಳುತ್ತಾರೆ. ಮೂರನೆಯದನ್ನು ಕೇಳುವವರು ವಿರಳ. ಹಣ ವ್ಯರ್ಥವಾಗುವುದು ಬಹುತೇಕ ಅಲ್ಲಿಯೇ.

ಹಿಂದಿನ ದಿನಗಳ ಪಾಠ

ಕೈಯಲ್ಲಿ ಹಿಡಿದು, ಪರದೆಯನ್ನು ಮುಟ್ಟಿ ಬಳಸುವ ಗಣಕದ ಕನಸು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿಯೇ ಜನರ ಮುಂದೆ ಬಂದಿತ್ತು. ಭಾರತೀಯ ಭಾಷೆಗಳಲ್ಲಿ ಬರೆದುದನ್ನು ಓದಿ ಹೇಳಬೇಕೆಂಬ ಉದ್ದೇಶವೂ ಅದಕ್ಕಿತ್ತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಅದನ್ನು ತಯಾರಿಸಿತು. ಆದರೆ ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಅದು ಜನರ ಕೈ ಸೇರಲಿಲ್ಲ.

ಇಂದು ನಾವು ಟ್ಯಾಬ್ಲೆಟ್ ಎಂದು ಕರೆಯುವ ಸಾಧನ ಜನಪ್ರಿಯವಾದದ್ದು 2010ರಲ್ಲಿ ಆಪಲ್ ಸಂಸ್ಥೆ 9.7 ಇಂಚಿನ ಐಪ್ಯಾಡನ್ನು ಹೊರತಂದ ನಂತರ. ಮರುವರ್ಷ, 2011ರ ಅಕ್ಟೋಬರ್ 5ರಂದು, ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದೇ ‘ಆಕಾಶ್’ ಟ್ಯಾಬ್ಲೆಟನ್ನು ಬಿಡುಗಡೆ ಮಾಡಿತು. ಅತಿ ಅಗ್ಗದ ಟ್ಯಾಬ್ಲೆಟ್ ಎಂದು ಪ್ರಪಂಚದಾದ್ಯಂತ ಸುದ್ದಿಯಾದ ಅದರ ಒಳಗಿದ್ದುದು 366 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಎಂಬಿ ರ‍್ಯಾಮ್ ಮತ್ತು ಬೆರಳಿನಿಂದ ಒತ್ತಿದರೆ ಮಾತ್ರ ಸ್ಪಂದಿಸುವ ಹಳೆಯ ಬಗೆಯ 7 ಇಂಚಿನ ಪರದೆ. ನಿಧಾನಗತಿ, ಬೇಗ ಮುಗಿಯುವ ಬ್ಯಾಟರಿ ಮತ್ತು ಸ್ಪರ್ಶಕ್ಕೆ ಸರಿಯಾಗಿ ಸ್ಪಂದಿಸದ ಪರದೆಯ ಬಗ್ಗೆ ದೂರುಗಳು ಬಂದವು. 2012ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಪರದೆಯನ್ನೂ ಪ್ರೊಸೆಸರನ್ನೂ ಬದಲಿಸಬೇಕಾಯಿತು. ಬೆಲೆಯನ್ನು ಮೊದಲು ನಿಗದಿಪಡಿಸಿ ಕೆಲಸವನ್ನು ಆಮೇಲೆ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕೊರೊನಾ ಕಾಲದಲ್ಲಿ ತರಗತಿಗಳು ಪರದೆಯ ಮೇಲೆ ನಡೆಯತೊಡಗಿದಾಗ ಟ್ಯಾಬ್ಲೆಟ್‌ಗಳಿಗೆ ಮತ್ತೆ ಬೇಡಿಕೆ ಬಂತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮದರ್ಜೆ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಕಾರ್ಯಕ್ರಮ ಕೈಗೊಂಡಿತು. ಹೀಗೆ ಒಂದು ಕಾಲದಲ್ಲಿ ಶೋಕಿಯ ವಸ್ತುವಾಗಿದ್ದ ಟ್ಯಾಬ್ಲೆಟ್ ಈಗ ಅನೇಕ ಮನೆಗಳಲ್ಲಿ ಓದಿನ ಸಾಧನವಾಗಿದೆ.

ನಿಜಕ್ಕೂ ಟ್ಯಾಬ್ಲೆಟ್ ಬೇಕೇ?

ಟ್ಯಾಬ್ಲೆಟ್ ಮುಖ್ಯವಾಗಿ ನೋಡುವ, ಓದುವ, ಕೇಳುವ ಮತ್ತು ಕೈಬರಹದಲ್ಲಿ ಬರೆಯುವ ಸಾಧನ. ಪುಟಗಟ್ಟಲೆ ಬೆರಳಚ್ಚು ಮಾಡುವವರಿಗೆ, ದೊಡ್ಡ ಲೆಕ್ಕದ ಹಾಳೆಗಳನ್ನು ನಿರ್ವಹಿಸುವವರಿಗೆ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಅದೇ ಬೆಲೆಯ ಸಾಧಾರಣ ಲ್ಯಾಪ್‌ಟಾಪ್ ಹೆಚ್ಚು ಉಪಯುಕ್ತ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಟ್ಯಾಬ್ಲೆಟ್ ಒಂದನ್ನೇ ಕೊಡಿಸಿದರೆ ಮೊದಲ ವರ್ಷದಲ್ಲಿಯೇ ಲ್ಯಾಪ್‌ಟಾಪ್ ಕೊಳ್ಳುವ ಅನಿವಾರ್ಯತೆ ಬರುತ್ತದೆ.

ಕನ್ನಡದಲ್ಲಿ ಕಚೇರಿ ಕೆಲಸ ಮಾಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತಗಳು ಇಂದಿಗೂ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಓಡಾಡುತ್ತಿವೆ. ಅಂತಹ ವರ್ಡ್ ಕಡತವನ್ನು ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಾಗಲೀ ಐಪ್ಯಾಡ್‌ನಲ್ಲಾಗಲೀ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಅದೇ ಕಡತ ಪಿಡಿಎಫ್ ರೂಪದಲ್ಲಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ದಿನವೂ ಇಂತಹ ಕಡತ ತಿದ್ದಬೇಕಾದವರಿಗೆ ವಿಂಡೋಸ್ ಲ್ಯಾಪ್‌ಟಾಪ್ ಅಥವಾ ಕೀಲಿಮಣೆ ಜೋಡಿಸಬಹುದಾದ ವಿಂಡೋಸ್ ಟ್ಯಾಬ್ಲೆಟ್ ಸರಿಯಾದ ಆಯ್ಕೆ. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಏರಿಸಲಾಗದ ಹಳೆಯ ಯಂತ್ರವನ್ನು ಅಗ್ಗವೆಂದು ಕೊಳ್ಳಬಾರದು.

ಪರದೆ: ಇಂಚಿನ ಲೆಕ್ಕ ಮಾತ್ರ ಸಾಲದು

ಟ್ಯಾಬ್ಲೆಟ್‌ನ ಗಾತ್ರವನ್ನು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದು ಇಂಚಿನಲ್ಲಿ ಹೇಳುತ್ತಾರೆ. 8 ಇಂಚಿಗೂ 11 ಇಂಚಿಗೂ ಮೂರೇ ಇಂಚಿನ ವ್ಯತ್ಯಾಸವೆಂದು ತೋರಿದರೂ, ಪರದೆಯ ಆಕಾರ ಒಂದೇ ಆಗಿದ್ದಲ್ಲಿ 11 ಇಂಚಿನ ಪರದೆಯ ವಿಸ್ತೀರ್ಣ 8 ಇಂಚಿನದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು.

ಆಕಾರವೂ ಮುಖ್ಯ. ಬಹುತೇಕ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಪರದೆ 16:10ರ ಪ್ರಮಾಣದಲ್ಲಿ ಉದ್ದವಾಗಿರುತ್ತದೆ. ಇದು ಸಿನಿಮಾ ನೋಡಲು ಅನುಕೂಲ. ಐಪ್ಯಾಡ್‌ಗಳ ಪರದೆ 4:3 ಅಥವಾ ಅದಕ್ಕೆ ಹತ್ತಿರದ ಪ್ರಮಾಣದಲ್ಲಿ ಪುಸ್ತಕದ ಪುಟದಂತೆ ಇರುತ್ತದೆ. ವಿದ್ಯಾರ್ಥಿಗಳು ಓದುವ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಎ4 ಹಾಳೆಯ ಪಿಡಿಎಫ್‌ಗಳು. ಅಂತಹ ಒಂದು ಪುಟವನ್ನು 16:10ರ 8 ಇಂಚಿನ ಪರದೆಯಲ್ಲಿ ಪೂರ್ತಿಯಾಗಿ ತೆರೆದರೆ ಅದು ಮೂಲದ ಅರ್ಧದಷ್ಟು ಅಳತೆಗೆ ಕುಗ್ಗುತ್ತದೆ. ಅಂದರೆ 12 ಪಾಯಿಂಟಿನ ಅಕ್ಷರ 6 ಪಾಯಿಂಟಿನದಾಗಿ ಕಾಣುತ್ತದೆ. 4:3ರ 11 ಇಂಚಿನ ಪರದೆಯಲ್ಲಿ ಅದೇ ಪುಟ ಮುಕ್ಕಾಲು ಅಳತೆಯಲ್ಲಿ ಕಾಣುತ್ತದೆ. ದಿನವೂ ಪಿಡಿಎಫ್ ಓದುವವರಿಗೆ 10 ಇಂಚಿಗಿಂತ ಸಣ್ಣ ಪರದೆ ಬೇಡವೆನ್ನುವುದು ಈ ಕಾರಣದಿಂದ. ಪ್ರಯಾಣದಲ್ಲಿ ಒಂದು ಕೈಯಲ್ಲಿ ಹಿಡಿದು ಕತೆ, ಸುದ್ದಿ ಓದುವವರಿಗೆ 8 ಇಂಚು ಹಗುರ.

ಇನ್ನು ಪರದೆಯ ಸ್ಪಷ್ಟತೆ. ಇದನ್ನು ಪ್ರತಿ ಇಂಚಿನಲ್ಲಿರುವ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ ಸಂಖ್ಯೆಯಿಂದ ಅಳೆಯುತ್ತಾರೆ. 10.1 ಇಂಚಿನ ಪರದೆ 1280 x 800 ಪಿಕ್ಸೆಲ್‌ಗಳದಾಗಿದ್ದರೆ ಇಂಚಿಗೆ ಸುಮಾರು 149 ಪಿಕ್ಸೆಲ್‌ಗಳಿರುತ್ತವೆ. 1920 x 1200 ಆಗಿದ್ದರೆ ಸುಮಾರು 224. ಇಂಗ್ಲಿಷ್ ಅಕ್ಷರಗಳನ್ನು ಓದುವವರಿಗೆ ಮೊದಲನೆಯದೂ ಹೇಗೋ ಸಾಕೆನಿಸಬಹುದು. ಕನ್ನಡ ಓದುವವರಿಗೆ ಸಾಲದು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಮೂಲ ಅಕ್ಷರದ ಕೆಳಗೆ ಸಣ್ಣದಾಗಿ ಕೂರುತ್ತವೆ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂಬಂತಹ ಪದಗಳಲ್ಲಿ ಎರಡೆರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಪಿಕ್ಸೆಲ್ ಕಡಿಮೆಯಾದಾಗ ಮೊದಲು ಕಲಸಿಹೋಗುವುದು ಇವೇ. ಆದ್ದರಿಂದ ಕನ್ನಡ ಓದುವ ಮನೆಗೆ ತರುವ ಟ್ಯಾಬ್ಲೆಟ್‌ನಲ್ಲಿ ಇಂಚಿಗೆ 200ಕ್ಕೂ ಹೆಚ್ಚು ಪಿಕ್ಸೆಲ್ ಇರುವುದು ಲೇಸು. ಅಂಗಡಿಯಲ್ಲಿಯೇ ಒಂದು ಕನ್ನಡ ಪಿಡಿಎಫ್ ತೆರೆದು ಒತ್ತಕ್ಷರಗಳನ್ನು ನೋಡಿದರೆ ಈ ಲೆಕ್ಕವೆಲ್ಲ ಕಣ್ಣಿಗೇ ತಿಳಿಯುತ್ತದೆ.

ಮೂರನೆಯ ಪ್ರಶ್ನೆ: ಎಷ್ಟು ವರ್ಷ?

ಟ್ಯಾಬ್ಲೆಟ್‌ನ ಆಯುಷ್ಯವನ್ನು ನಿರ್ಧರಿಸುವುದು ಅದರ ಗಾಜು ಮತ್ತು ಲೋಹಕ್ಕಿಂತ ಹೆಚ್ಚಾಗಿ ಅದರೊಳಗಿನ ಕಾರ್ಯಾಚರಣ ವ್ಯವಸ್ಥೆ. ತಯಾರಕರು ಕಾಲಕಾಲಕ್ಕೆ ಈ ವ್ಯವಸ್ಥೆಯ ಹೊಸ ಆವೃತ್ತಿಗಳನ್ನೂ ಸುರಕ್ಷತೆಯ ಪರಿಷ್ಕರಣೆಗಳನ್ನೂ ಕಳುಹಿಸುತ್ತಿರಬೇಕು. ಅದು ನಿಂತರೆ ಯಂತ್ರ ಒಡನೆಯೇ ಕೆಡುವುದಿಲ್ಲ. ಆದರೆ ಹೊಸ ಆ್ಯಪ್‌ಗಳು ಒಂದೊಂದಾಗಿ ‘ಈ ಸಾಧನಕ್ಕೆ ಹೊಂದುವುದಿಲ್ಲ’ ಎನ್ನತೊಡಗುತ್ತವೆ. ಬ್ಯಾಂಕ್ ವ್ಯವಹಾರಕ್ಕೆ ಅಂತಹ ಯಂತ್ರ ಸುರಕ್ಷಿತವಲ್ಲ.

ಇದಕ್ಕೆ ಎರಡು ಉದಾಹರಣೆಗಳು. 2010ರಲ್ಲಿ ಬಂದ ಮೊದಲ ಐಪ್ಯಾಡ್‌ಗೆ 2012ರಲ್ಲಿ ಬಂದ ಐಒಎಸ್ 6 ದೊರೆಯಲಿಲ್ಲ. ದುಬಾರಿ ಬೆಲೆ ತೆತ್ತವರೂ ಎರಡೇ ವರ್ಷಗಳಲ್ಲಿ ಹಿಂದುಳಿದರು. 2014ರಲ್ಲಿ ಬಂದ ಐಪ್ಯಾಡ್ ಏರ್ 2ಕ್ಕೆ 2021ರ ಐಪ್ಯಾಡ್‌ಒಎಸ್ 15 ಕೂಡ ದೊರೆಯಿತು. ಒಂದೇ ಸಂಸ್ಥೆಯ ಎರಡು ಯಂತ್ರಗಳ ನಡುವೆ ಇಷ್ಟು ಅಂತರ! ಆಂಡ್ರಾಯ್ಡ್ ಕ್ಷೇತ್ರದಲ್ಲಿ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಟ್ಯಾಬ್ ಎಸ್10 ಸರಣಿಗೆ ಏಳು ವರ್ಷಗಳ ಪರಿಷ್ಕರಣೆಯ ಭರವಸೆ ನೀಡಿತು. ಅದೇ ಸಂಸ್ಥೆಯ ಅಗ್ಗದ ಸರಣಿಗಳಿಗೂ ಇಷ್ಟೇ ಅವಧಿ ಇದೆಯೆಂದು ಭಾವಿಸಬಾರದು. ಹೆಸರೇ ಕೇಳದ ಅನೇಕ ತಯಾರಕರ ಟ್ಯಾಬ್ಲೆಟ್‌ಗಳಲ್ಲಿ ಇಂತಹ ಭರವಸೆಯೇ ಇರುವುದಿಲ್ಲ.

ಆದ್ದರಿಂದ ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಬೇಕು. ಉದಾಹರಣೆಗೆ, 12,000 ರೂಪಾಯಿಯ ಟ್ಯಾಬ್ಲೆಟ್ ಎರಡು ವರ್ಷ ಕೆಲಸ ಮಾಡಿದರೆ ವರ್ಷಕ್ಕೆ 6,000 ರೂಪಾಯಿ ಆಯಿತು. 30,000 ರೂಪಾಯಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ 5,000 ರೂಪಾಯಿ. ಹಾಗೆಂದು ಎಲ್ಲರೂ ದುಬಾರಿಯದನ್ನೇ ಕೊಳ್ಳಬೇಕೆಂದು ಅರ್ಥವಲ್ಲ. ಕೈಯಲ್ಲಿ ಅಷ್ಟು ಹಣ ಇಲ್ಲದವರು ಅಗ್ಗದ ಯಂತ್ರವನ್ನು ಅದರ ಮಿತಿ ತಿಳಿದು, ಎರಡು ವರ್ಷದ ಪಿಯುಸಿ ಓದಿಗೆ ಎಂದು ಲೆಕ್ಕ ಹಾಕಿ ಕೊಂಡರೆ ತಪ್ಪೇನೂ ಇಲ್ಲ. ಅದನ್ನೇ ಪದವಿ ಮುಗಿಯುವವರೆಗೂ ಬರುತ್ತದೆಂದು ನಂಬಿ ಕೊಂಡರೆ ಮಾತ್ರ ನಿರಾಸೆ ಖಚಿತ.

ಕೊಳ್ಳುವ ಮುನ್ನ ತಯಾರಕರ ಜಾಲತಾಣದಲ್ಲಿ ಮೂರು ಸಂಗತಿಗಳನ್ನು ನೋಡಿಕೊಳ್ಳಿ: ಆ ಮಾದರಿ ಯಾವ ವರ್ಷ ಬಿಡುಗಡೆಯಾಯಿತು, ಪರಿಷ್ಕರಣೆ ಎಷ್ಟು ವರ್ಷ, ಆ ಲೆಕ್ಕ ಬಿಡುಗಡೆಯ ದಿನದಿಂದಲೋ ನೀವು ಕೊಂಡ ದಿನದಿಂದಲೋ. ಸಾಮಾನ್ಯವಾಗಿ ಅದು ಬಿಡುಗಡೆಯ ದಿನದಿಂದ. ಹಬ್ಬದ ರಿಯಾಯಿತಿಯಲ್ಲಿ ಸಿಗುವ ಮೂರು ವರ್ಷ ಹಳೆಯ ಮಾದರಿಯ ಆಯುಷ್ಯದಲ್ಲಿ ಮೂರು ವರ್ಷ ಆಗಲೇ ಕಳೆದಿರುತ್ತದೆ.

ರ‍್ಯಾಮ್, ಸಂಗ್ರಹ, ಪ್ರೊಸೆಸರ್

ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಇಂದು 4 ಜಿಬಿ ರ‍್ಯಾಮ್ ಕನಿಷ್ಠ. ನಾಲ್ಕಾರು ವರ್ಷ ಬಾಳಬೇಕೆಂದರೆ 6 ಅಥವಾ 8 ಜಿಬಿ ಇರಲಿ. ಜಾಹೀರಾತಿನಲ್ಲಿ ‘8 ಜಿಬಿ’ ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ‘4+4’ ಎಂದು ನಮೂದಿಸುವುದುಂಟು. ಇದರಲ್ಲಿ ನಿಜವಾದ ರ‍್ಯಾಮ್ 4 ಜಿಬಿ ಮಾತ್ರ. ಉಳಿದ ನಾಲ್ಕು ಸಂಗ್ರಹ ಜಾಗದಿಂದ ಎರವಲು ಪಡೆದದ್ದು. ಅದು ನಿಜವಾದ ರ‍್ಯಾಮ್‌ನಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ.

ಸಂಗ್ರಹ ಸಾಮರ್ಥ್ಯದ ಒಂದು ಭಾಗವನ್ನು ಕಾರ್ಯಾಚರಣ ವ್ಯವಸ್ಥೆಯೇ ಆಕ್ರಮಿಸಿಕೊಂಡಿರುತ್ತದೆ. 32 ಜಿಬಿಯ ಯಂತ್ರ ಈಗ ಯಾರಿಗೂ ಸಾಲದು. ಪಾಠದ ವಿಡಿಯೊಗಳನ್ನು ಇಳಿಸಿಕೊಂಡು ನೋಡುವ ವಿದ್ಯಾರ್ಥಿಗೆ 128 ಜಿಬಿ ಇರಲಿ. ಅನೇಕ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕಿ ಜಾಗ ಹೆಚ್ಚಿಸಿಕೊಳ್ಳಬಹುದು. ಐಪ್ಯಾಡ್‌ನಲ್ಲಿ ಕಾರ್ಡಿಗೆ ಜಾಗವಿಲ್ಲ, ಆದ್ದರಿಂದ ಕೊಳ್ಳುವಾಗಲೇ ನಿರ್ಧರಿಸಬೇಕು.

ಪ್ರೊಸೆಸರ್‌ನ ಹೆಸರು, ಗಿಗಾಹರ್ಟ್ಸ್‌ಗಳನ್ನು ಹೋಲಿಸುತ್ತ ಕೂರುವುದಕ್ಕಿಂತ ಅಂಗಡಿಯಲ್ಲಿ ನಾಲ್ಕು ಆ್ಯಪ್‌ಗಳನ್ನು ಒಟ್ಟಿಗೆ ತೆರೆದು ಒಂದರಿಂದ ಇನ್ನೊಂದಕ್ಕೆ ಹೋಗಿ ನೋಡುವುದು ಉತ್ತಮ. ಹೊಸ ಯಂತ್ರವೇ ತಡವರಿಸಿದರೆ ಎರಡು ವರ್ಷದ ನಂತರ ಅದು ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಸಿನಿಮಾ ನೋಡಲೆಂದೇ ಕೊಳ್ಳುವವರು ‘ವೈಡ್‌ವೈನ್ ಎಲ್1’ ಇದೆಯೇ ಎಂದು ವಿಚಾರಿಸಬೇಕು. ಇದು ಆಂಡ್ರಾಯ್ಡ್ ಸಾಧನಗಳಲ್ಲಿರುವ ಕೃತಿಸ್ವಾಮ್ಯ ರಕ್ಷಣೆಯ ಒಂದು ವ್ಯವಸ್ಥೆ. ಎಲ್3 ಮಟ್ಟದ ಯಂತ್ರಗಳಲ್ಲಿ ಪರದೆ ಎಷ್ಟೇ ಉತ್ತಮವಾಗಿದ್ದರೂ ನೆಟ್‌ಫ್ಲಿಕ್ಸ್‌ನಂತಹ ಸೇವೆಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ತೋರಿಸುತ್ತವೆ.

ವೈ-ಫೈ ಸಾಕೇ, ಸಿಮ್ ಬೇಕೇ?

ಸಿಮ್ ಹಾಕಬಹುದಾದ ಮಾದರಿಗೆ ಬೆಲೆ ಹೆಚ್ಚು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದು, ಹೊರಗೆ ಮೊಬೈಲಿನ ಹಾಟ್‌ಸ್ಪಾಟ್ ಬಳಸುವವರಿಗೆ ವೈ-ಫೈ ಮಾದರಿ ಸಾಕು. ಆದರೆ ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದನ್ನು ದುಡಿಯುವವರು ಬೆಳಿಗ್ಗೆ ತೆಗೆದುಕೊಂಡು ಹೋಗುವರೆಂದಾದರೆ, ಮಕ್ಕಳ ಟ್ಯಾಬ್ಲೆಟ್‌ಗೆ ಸಿಮ್ ಇರಲೇಬೇಕು. ಮಲೆನಾಡಿನಂತಹ ಕಡೆ ವಾಸಿಸುವವರು ತಮ್ಮ ಊರಿನಲ್ಲಿ ಯಾವ ಸಂಸ್ಥೆಯ ಸಂಕೇತ ಸಿಗುತ್ತದೆ, ಆ ಸಿಮ್ ಈ ಯಂತ್ರದಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಿಮ್ ಇರುವ ಎಲ್ಲ ಟ್ಯಾಬ್ಲೆಟ್‌ಗಳಿಂದಲೂ ದೂರವಾಣಿ ಕರೆ ಮಾಡಲಾಗುವುದಿಲ್ಲ ಎಂಬುದೂ ನೆನಪಿರಲಿ. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಕಾರಿನಲ್ಲಿ ದಾರಿ ನೋಡಲು ಅಥವಾ ಜಮೀನಿನ ಸ್ಥಳ ಗುರುತಿಸಲು ಅದು ಪ್ರಯೋಜನವಾಗದು.

ಕನ್ನಡದ ಸೌಲಭ್ಯ

ಒಂದು ಕಾಲದಲ್ಲಿ ಟ್ಯಾಬ್ಲೆಟ್‌ನಲ್ಲಿ ಕನ್ನಡ ಮೂಡುವುದೇ ದೊಡ್ಡ ಸಂಗತಿಯಾಗಿತ್ತು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳನ್ನು ಸರಿಯಾಗಿ ತೋರಿಸುವ ವ್ಯವಸ್ಥೆ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಆಪಲ್ ಸಾಧನಗಳಿಗೆ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಗೂಗಲ್‌ನ ಕೀಲಿಮಣೆಯಲ್ಲಿ ಕನ್ನಡವನ್ನು ಮಾತನಾಡಿ ಬರೆಯಿಸುವ ಸೌಲಭ್ಯ ಬಂದದ್ದೂ 2017ರಲ್ಲಿಯೇ. 2025ರಲ್ಲಿ ಆಪಲ್‌ನ 18.4ನೇ ಆವೃತ್ತಿಯಲ್ಲಿ ಇಡೀ ವ್ಯವಸ್ಥೆಯನ್ನು ಕನ್ನಡದಲ್ಲಿ ಇಟ್ಟುಕೊಳ್ಳುವ ಅವಕಾಶ ಬಂತು. ಇವೆಲ್ಲವೂ ಪರಿಷ್ಕರಣೆಗಳ ಮೂಲಕ ಬಂದವು ಎಂಬುದನ್ನು ಗಮನಿಸಬೇಕು. ಪರಿಷ್ಕರಣೆ ನಿಂತ ಯಂತ್ರಕ್ಕೆ ನಾಳೆ ಬರುವ ಕನ್ನಡದ ಸೌಲಭ್ಯವೂ ಇಲ್ಲ.

ಇಂಗ್ಲಿಷ್ ಬಾರದ ಹಿರಿಯರಿಗೆ ಟ್ಯಾಬ್ಲೆಟ್ ಕೊಡುವಾಗ ವ್ಯವಸ್ಥೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಹಿಗ್ಗಿಸಿ, ಧ್ವನಿಯಿಂದ ಬರೆಯುವುದನ್ನು ಹೇಳಿಕೊಡಿ. ಈ ಅರ್ಧ ಗಂಟೆಯ ಸಿದ್ಧತೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ಅವರಿಗೆ ಪರಕೀಯವಾಗಿಯೇ ಉಳಿಯುತ್ತದೆ.

ಬೆಲೆಯ ಚೀಟಿಯಲ್ಲಿ ಇಲ್ಲದ ಖರ್ಚು

ಟ್ಯಾಬ್ಲೆಟ್‌ನ ಬೆಲೆಗೆ ಕವಚ, ಪರದೆಯ ರಕ್ಷಾಹಾಳೆ, ಕೀಲಿಮಣೆ, ಲೇಖನಿ ಇವುಗಳ ಬೆಲೆಯನ್ನೂ ಸೇರಿಸಿಕೊಳ್ಳಬೇಕು. ಕೆಲವು ಮಾದರಿಗಳ ಜೊತೆ ಚಾರ್ಜರ್ ಕೂಡ ಬರುವುದಿಲ್ಲ. ಲೇಖನಿಯ ವಿಷಯದಲ್ಲಂತೂ ವಿಶೇಷ ಗಮನ ಬೇಕು. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್ ಸರಣಿಯಲ್ಲಿ ಲೇಖನಿ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಐಪ್ಯಾಡ್‌ಗೆ ಪ್ರತ್ಯೇಕವಾಗಿ ಕೊಳ್ಳಬೇಕು. ಅದರಲ್ಲಿಯೂ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ಗೆ ಒತ್ತಡವನ್ನು ಗುರುತಿಸುವ ಶಕ್ತಿಯಿಲ್ಲ. ಟಿಪ್ಪಣಿ ಬರೆಯಲು ಅದು ಸಾಕು. ಆದರೆ ಕೈಯ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪ, ತೆಳುವಾಗಬೇಕೆನ್ನುವ ಚಿತ್ರಕಲಾವಿದರಿಗೆ ಅದು ಒದಗದು.

ಬ್ಯಾಟರಿಯ ಎಂಎಎಚ್ ಅಂಕಿಯನ್ನು ಒಂದೇ ಗಾತ್ರದ ಪರದೆಗಳ ನಡುವೆ ಮಾತ್ರ ಹೋಲಿಸಬೇಕು. ದೊಡ್ಡ ಪರದೆ ಹೆಚ್ಚು ವಿದ್ಯುತ್ ಬೇಡುತ್ತದೆ. ಯಾವ ಬ್ಯಾಟರಿಯೂ ಶಾಶ್ವತವಲ್ಲ. ಆದ್ದರಿಂದ ನಿಮ್ಮ ಊರಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಆ ಸಂಸ್ಥೆಯ ಅಧಿಕೃತ ದುರಸ್ತಿ ಕೇಂದ್ರವಿದೆಯೇ ಎಂದು ಮೊದಲೇ ವಿಚಾರಿಸಿ. ಚಾರ್ಜ್ ಮಾಡುವ ಕಿಂಡಿ ಯುಎಸ್‌ಬಿ-ಸಿ ಆಗಿರಲಿ. ಮೊಬೈಲಿನ ತಂತಿಯೇ ಇದಕ್ಕೂ ಆಗುತ್ತದೆ.

ಯಾರಿಗೆ ಯಾವುದು?

ಹೈಸ್ಕೂಲು, ಪಿಯುಸಿ ವಿದ್ಯಾರ್ಥಿ: 10 ಅಥವಾ 11 ಇಂಚು, ಇಂಚಿಗೆ 200ಕ್ಕೂ ಹೆಚ್ಚು ಪಿಕ್ಸೆಲ್, 128 ಜಿಬಿ ಸಂಗ್ರಹ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ ಹಣ ಸುರಿಯಬೇಡಿ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳಿಗೆ ಯಾವ ಚಂದಾ ಹಣವೂ ಬೇಕಿಲ್ಲ.

ಹಿರಿಯ ನಾಗರಿಕರು: ದೊಡ್ಡ ಪರದೆ, ಜೋರಾದ ಧ್ವನಿವರ್ಧಕ, ಕೈಗೆ ಭಾರವೆನಿಸದ ತೂಕ. ಒರಗಿಸಿ ನಿಲ್ಲಿಸುವ ಕವಚ ಅವರಿಗೆ ಪ್ರೊಸೆಸರ್‌ಗಿಂತ ಮುಖ್ಯ.

ಇಡೀ ಮನೆಗೆ ಒಂದು: ಬಹುತೇಕ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಮನೆಯ ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯಬಹುದು. ತಂದೆಯ ಬ್ಯಾಂಕಿನ ಆ್ಯಪ್ ಮಗುವಿನ ಕೈಗೆ ಸಿಗುವುದಿಲ್ಲ. ಐಪ್ಯಾಡ್‌ನಲ್ಲಿ ಮನೆಬಳಕೆಗೆ ಈ ಸೌಲಭ್ಯ ಇಲ್ಲ.

ಸಣ್ಣ ಮಕ್ಕಳು: ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ವಯಸ್ಸಿನವರಿಗೆಂದು ಟ್ಯಾಬ್ಲೆಟ್ ಕೊಳ್ಳದಿರುವುದೇ ಸರಿಯಾದ ಆಯ್ಕೆ.

ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ಟ್ಯಾಬ್ಲೆಟ್: ಅಮೆಜಾನ್‌ನ ಫೈರ್ ಸರಣಿಯಲ್ಲಿ ಗೂಗಲ್ ಪ್ಲೇ ಇರುವುದಿಲ್ಲ. ಇಲ್ಲಿನ ಬ್ಯಾಂಕ್, ಸರ್ಕಾರಿ ಆ್ಯಪ್‌ಗಳನ್ನು ನೇರವಾಗಿ ಹಾಕಿಕೊಳ್ಳಲಾಗದು. ಬೇರೆ ಮಾದರಿಗಳಿಗೂ ವಾರಂಟಿ ಭಾರತದಲ್ಲಿ ಸಲ್ಲುತ್ತದೆಯೇ ಎಂದು ಅವರು ಅಲ್ಲಿಯೇ ಕೇಳಿಕೊಂಡು ಬರಲಿ.

ಹಣ ಕೊಡುವ ಮುನ್ನ

ಭಾರತದಲ್ಲಿ ಮಾರುವ ಟ್ಯಾಬ್ಲೆಟ್‌ಗಳಿಗೆ ಭಾರತೀಯ ಮಾನಕ ಬ್ಯೂರೊದ, ಅಂದರೆ ಬಿಐಎಸ್‌ನ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಅಥವಾ ಯಂತ್ರದ ಮೇಲಿರುವ ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಬ್ಲೆಟ್ ಬಗ್ಗೆ’ ಎಂಬ ಭಾಗವನ್ನು ತೆರೆದು ಆಂಡ್ರಾಯ್ಡ್ ಆವೃತ್ತಿ ಮತ್ತು ಸುರಕ್ಷತಾ ಪರಿಷ್ಕರಣೆಯ ದಿನಾಂಕ ನೋಡಿ. ಹೊಸ ಯಂತ್ರದಲ್ಲಿ ಆ ದಿನಾಂಕ ವರ್ಷಕ್ಕಿಂತ ಹಳೆಯದಾಗಿದ್ದರೆ ಅನುಮಾನಿಸುವುದು ಒಳ್ಳೆಯದು.

ಬಳಸಿದ ಟ್ಯಾಬ್ಲೆಟ್ ಕೊಳ್ಳುವವರು ಹಿಂದಿನ ಮಾಲೀಕರ ಎದುರಿನಲ್ಲಿಯೇ ಅದನ್ನು ಪೂರ್ತಿ ಅಳಿಸಿ, ಹೊಸದಾಗಿ ಆರಂಭಿಸಿ ನೋಡಬೇಕು. ಹಳೆಯ ಮಾಲೀಕರ ಆಪಲ್ ಅಥವಾ ಗೂಗಲ್ ಖಾತೆ ತೆಗೆಯದೆ ಹೋದರೆ ಯಂತ್ರ ಅವರ ಗುಪ್ತಪದ ಕೇಳಿ ನಿಂತುಬಿಡುತ್ತದೆ. ಸಿಮ್ ಇರುವ ಟ್ಯಾಬ್ಲೆಟ್ ಆಗಿದ್ದರೆ ಅದರ 15 ಅಂಕಿಯ ಐಎಂಇಐ ಸಂಖ್ಯೆಯನ್ನು 2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ ಜಾಲತಾಣದಲ್ಲಿ ಪರಿಶೀಲಿಸಿ. ಕಳವು ಎಂದು ದೂರು ದಾಖಲಾಗಿ ತಡೆಹಿಡಿದ ಯಂತ್ರವಾಗಿದ್ದರೆ ಅಲ್ಲಿ ತಿಳಿಯುತ್ತದೆ.

ಜಿಎಸ್‌ಟಿ ಸಹಿತ ಬಿಲ್ ಪಡೆಯಿರಿ. ಬಿಲ್ ಇಲ್ಲದೆ ಐನೂರು ರೂಪಾಯಿ ಕಡಿಮೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಮುಂದೆ ವಾರಂಟಿಗೂ ದೂರಿಗೂ ಅದೊಂದೇ ಆಧಾರ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ವಸ್ತುವನ್ನು ಬೇರೆ ಊರಿನಿಂದ ಅಥವಾ ಅಂತರ್ಜಾಲದ ಮೂಲಕ ತರಿಸಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬಳಸುವವರ ಹೆಸರು, ದಿನವೂ ಮಾಡುವ ಮೂರು ಕೆಲಸಗಳು, ಯಂತ್ರ ಬಾಳಬೇಕಾದ ವರ್ಷಗಳು ಮತ್ತು ಕೊಡಬಹುದಾದ ಗರಿಷ್ಠ ಹಣ ಇಷ್ಟನ್ನು ಬರೆದುಕೊಂಡು ಹೋಗಿ. ಸಾಧ್ಯವಾದರೆ ಟ್ಯಾಬ್ಲೆಟ್ ಬಳಸುವವರನ್ನೇ ಜೊತೆಗೆ ಕರೆದೊಯ್ಯಿರಿ. ಅವರ ಕೈಗೆ ಕೊಟ್ಟು, ಅವರು ಓದುವ ಕನ್ನಡ ಪುಟವನ್ನೇ ತೆರೆದು, ಹತ್ತು ನಿಮಿಷ ಓದಲು ಬಿಡಿ. ಕಣ್ಣಿಗೆ ಆಯಾಸವೆನಿಸದೆ, ಕೈಗೆ ಭಾರವೆನಿಸದೆ, ಚೀಟಿಯಲ್ಲಿ ಬರೆದ ವರ್ಷಗಳಷ್ಟು ಪರಿಷ್ಕರಣೆಯ ಭರವಸೆ ಉಳ್ಳ ಟ್ಯಾಬ್ಲೆಟ್ ನಿಮ್ಮ ಹಣದ ಮಿತಿಯಲ್ಲಿ ದೊರೆತರೆ ಅದನ್ನು ಕೊಳ್ಳಿ. ದೊರೆಯದಿದ್ದರೆ ಒಂದೆರಡು ತಿಂಗಳು ಕಾಯುವುದರಿಂದ ನಷ್ಟವಿಲ್ಲ.